ಸದ್ದಿಲ್ಲದ ತರಗತಿ

ನಿಟ್ಟುವಳ್ಳಿಯ ಗಂಡನ ಮನೆಯಿಂದ ನನ್ನ ಸಾಮಾನು ವಾಪಸ್ ಕೊಡಿಸುವ ದಿನ ನಮ್ಮ ಹಿರಿಯರು ಬಹಳ ಅಚ್ಚುಕಟ್ಟಾಗಿ ನಡೆದುಕೊಂಡರು. ತವರಿನಿಂದ ಬಂದ ಹಿತ್ತಾಳೆ ಕೊಡ ಯಾವುದು, ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಸ್ಟೀಲಿನ ಡಬ್ಬ ಯಾವುದು ಎಂದು ಪಡಸಾಲೆಯಲ್ಲಿ ಹರಡಿಕೊಂಡು ವಾದ ಮಾಡಿದರು. ಬಾಣಂತನಕ್ಕೆ ಅಣ್ಣ ತಂದುಕೊಟ್ಟಿದ್ದ ತೊಟ್ಟಿಲು ಯಾರಿಗೆ ಸೇರಬೇಕು ಎಂಬ ಚರ್ಚೆಗೆ ಒಂದು ಸುತ್ತು ಚಹಾ ಮುಗಿಯಿತು. ಕೊನೆಗೆ ತೊಟ್ಟಿಲು ನನ್ನದು, ತೊಟ್ಟಿಲಲ್ಲಿ ಮಲಗಿದ್ದವಳು ಅವರವಳು ಎಂದಾಯಿತು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆ ತೀರ್ಮಾನ ಕೇಳಿ ಒಬ್ಬರಿಗೂ ನಗು ಬರಲಿಲ್ಲ, ನನಗೆ ಮಾತ್ರ ಬಂತು. ತಕ್ಷಣ ಅತ್ತೆ ತಿಮ್ಮವ್ವ, "ನೋಡ್ರಿ, ಹೆಂಗೆ ನಗ್ತಾಳೆ. ಇಂಥವಳ ಕೈಗೆ ಕೂಸು ಕೊಡ್ತೀರೇನ್ರಿ?" ಅಂದಳು.

ಜಗಳ ಏನು ದೊಡ್ಡದಲ್ಲ ಅನ್ನುತ್ತಾರೆ ಎಲ್ಲರೂ. ನನ್ನ ಗಂಡ ಯೋಗರಾಜ್‌ನದು ಮನೆಯ ರಸ್ತೆಯಲ್ಲೇ ಬೈಕ್ ರಿಪೇರಿ ಅಂಗಡಿ. ಒಂದು ದಿನ ಊಟದ ಡಬ್ಬಿ ತಡವಾಯಿತೆಂದು ಗಿರಾಕಿಗಳ ಎದುರಿಗೆ ನನ್ನ ಕೆನ್ನೆಗೆ ಹೊಡೆದ. ಅಲ್ಲಿದ್ದವರೆಲ್ಲ ಬೈಕುಗಳ ಟೈರು ನೋಡತೊಡಗಿದರು. ತಪ್ಪಾಯಿತು ಅನ್ನುವ ತನಕ ಮನೆಯಲ್ಲಿರುವುದಿಲ್ಲ ಎಂದು ಹೊರಟೆ. ತಿಮ್ಮವ್ವ ನನ್ನ ಮಗಳು ಇಂಚರಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಅಡ್ಡ ನಿಂತು, "ಹೋಗೋದಾದ್ರೆ ನೀ ಹೋಗು, ಕೂಸು ಇಲ್ಲೇ ಇರ್ಲಿ" ಅಂದಳು. ನಾಳೆ ನಾಡಿದ್ದು ಗಂಡ ಬಂದು ಕರೆಯುತ್ತಾನೆ, ಮಗಳೂ ಜೊತೆಗೆ ಬರುತ್ತಾಳೆ ಎಂದು ಹರಿಹರದ ಅಣ್ಣನ ಮನೆಗೆ ಬಂದೆ. ಗಂಡ ಬರಲಿಲ್ಲ. ಹಿರಿಯರು ಬಂದರು.

ಹಿರಿಯರಲ್ಲಿ ರಾಮಚಂದ್ರಪ್ಪನವರ ಮಾತೇ ಕಡೆಯ ಮಾತು. ಕೂಸು ನಿಟ್ಟುವಳ್ಳಿಯ ಪ್ಲೇ ಹೋಮಿಗೆ ಹೋಗುತ್ತಿದೆ, ವರ್ಷ ಮುಗಿಯಲಿ. ಬೇಸಿಗೆ ರಜೆಯಲ್ಲಿ ಮತ್ತೆ ಕೂಡೋಣ, ಕೂಸು ಎಲ್ಲಿರಬೇಕು ಎಂದು ಆಗ ನೋಡೋಣ. ಅಲ್ಲಿಯ ತನಕ ತಾಯಿ ಅದರ ಕಣ್ಣಿಗೆ ಬೀಳಬಾರದು. ಈ ಕಡೆಯ ಷರತ್ತು ತಿಮ್ಮವ್ವನದು. "ಮೊಲೆ ಬಿಡಿಸೋವಾಗ ತಾಯಿ ಎದುರಿಗಿರಬಾರ್ದು ಅಂತ ನಿಮಗೆ ಗೊತ್ತಿಲ್ಲೇನ್ರಿ? ಬೇವಿನಸೊಪ್ಪು ಅರೆದು ಹಚ್ಚಿದ್ರೂ ಬಿಡದಿರೋ ಕೂಸು, ತಾಯಿ ಕಾಣದಿದ್ರೆ ನಾಕು ದಿನ ಅತ್ತು ಸುಮ್ನಾಗ್ತದೆ" ಅಂದಳು. ಹಿರಿಯರೆಲ್ಲ ತಲೆ ಆಡಿಸಿದರು. ಅವರೆಲ್ಲರ ಬಾಯಿಂದಲೂ ಹಾಗೇ ಮೊಲೆ ಬಿಡಿಸಿದ್ದಿರಬೇಕು. ಮಾತು ಉಳಿಸಿಕೊಂಡರೆ ಬೇಸಿಗೆಯಲ್ಲಿ ನನ್ನ ಕಡೆ ನೋಡುತ್ತಾರೆ, ಮುರಿದರೆ ಆ ಮಾತೇ ಇಲ್ಲ. ಅಣ್ಣ ಶಿವಮೂರ್ತಿ ನನ್ನ ಮುಖ ನೋಡಿದ. ಇವಳು ಕೂಗಾಡುತ್ತಾಳೆ ಎಂದೇ ಎಲ್ಲರೂ ಕಾಯುತ್ತಿದ್ದರು. ನಾನು ತೆಪ್ಪಗೆ ಒಪ್ಪಿಕೊಂಡೆ.

ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಚಮಚ, ಸೌಟು, ಈಳಿಗೆಮಣೆ ಎಲ್ಲವನ್ನೂ ಕೇಳಿದ ಹಿರಿಯರು ನನ್ನ ಕೈಯಲ್ಲಿದ್ದ ಮೊಬೈಲನ್ನು ಕೇಳಲಿಲ್ಲ. ಅದರೊಳಗೆ ನನ್ನ ಮಗಳ ತರಗತಿಯೇ ಇತ್ತು.

ಆ ಪ್ಲೇ ಹೋಮಿನಲ್ಲಿ ಆ ವರ್ಷ ಹೊಸದಾಗಿ ಸ್ಮಾರ್ಟ್ ಬೋರ್ಡು ಹಾಕಿದ್ದರು. ಗೋಡೆಯಷ್ಟಗಲದ ಟೀವಿ, ಬೆರಳಿಟ್ಟರೆ ಆನೆ ಘೀಳಿಡುತ್ತದೆ, ಅಕ್ಷರ ಕುಣಿಯುತ್ತದೆ. ಅದರ ಮೇಲೆ ಒಂದು ಕ್ಯಾಮೆರಾ. ಹೆತ್ತವರು ಎಲ್ಲಿದ್ದರೂ ಮೊಬೈಲಿನಲ್ಲಿ ತಮ್ಮ ಮಗುವನ್ನು ನೋಡಿಕೊಳ್ಳಬಹುದು. ಜೂನಿನಲ್ಲಿ ಮಗಳನ್ನು ಸೇರಿಸುವಾಗ ಒಂದು ನಂಬರ್ ಕೊಡಿ ಎಂದರು. ಯೋಗರಾಜನ ಮೊಬೈಲ್ ತುಂಬ ಹಾಸ್ಯದ ವೀಡಿಯೊಗಳು, ಹೊಸ ಆ್ಯಪ್‌ಗೆ ಜಾಗವಿರಲಿಲ್ಲ. "ನಿಂದೇ ಕೊಡು" ಅಂದ. ಆಗ ನಾನೇ ಗೇಲಿ ಮಾಡಿದ್ದೆ. ಕೋಳಿ ಸಾಕುವವರು ಕೂಡ ಮರಿಗಳ ಮೇಲೆ ಇಷ್ಟು ಕಣ್ಣಿಡುವುದಿಲ್ಲ, ಪಕ್ಕದ ಓಣಿಯಲ್ಲಿರುವ ಶಾಲೆಯನ್ನು ಮೊಬೈಲಿನಲ್ಲಿ ಯಾಕೆ ನೋಡಬೇಕು ಎಂದು. ಹರಿಹರಕ್ಕೆ ಬರುವ ತನಕ ಅದನ್ನು ಒಂದು ಸಲವೂ ತೆರೆದಿರಲಿಲ್ಲ.

ಹರಿಹರದಲ್ಲಿ ನಾನು ಸ್ಟೇಷನ್ ರಸ್ತೆಯ ಮಾಸೂಮಾಳ ಟೈಲರಿಂಗ್ ಅಂಗಡಿಗೆ ಸೇರಿಕೊಂಡೆ. ಫಾಲ್ ಹಾಕುವುದು, ಕುಚ್ಚು ಕಟ್ಟುವುದು, ಹುಕ್ಕು ಹೊಲಿಯುವುದು. ಮಾಸೂಮಾ ನನಗಿಂತ ಹಿರಿಯಳು, ಬಾಯಿ ನನಗಿಂತ ಜೋರು. ಬೆಳಿಗ್ಗೆ ಹತ್ತಕ್ಕೆ ಕ್ಯಾಮೆರಾ ಶುರುವಾಗುತ್ತಿತ್ತು. ನಾನು ಮೊಬೈಲನ್ನು ಹೊಲಿಗೆ ಯಂತ್ರದ ದಾರದ ಉಂಡೆಗೆ ಒರಗಿಸಿ ಇಟ್ಟುಕೊಳ್ಳುತ್ತಿದ್ದೆ. ಮೊದಲ ದಿನ ಮಾಸೂಮಾ ಬಗ್ಗಿ ನೋಡಿ, "ಅರೇ, ಇದೇನು ಸೀರಿಯಲ್? ಬರೀ ಮಕ್ಕಳೇ ಅದಾವಲ್ಲ" ಅಂದಳು. ಮೊದಲ ಸಾಲಿನ ಕಡೆಯಲ್ಲಿ ಕೂತವಳು ನನ್ನ ಮಗಳು ಎಂದೆ. ಆಮೇಲೆ ಅವಳು ತಮಾಷೆ ಮಾಡಲಿಲ್ಲ. ಗಿರಾಕಿಗಳು ಬಂದರೆ ತಾನೇ ಎದ್ದು ಹೋಗಿ ಮಾತಾಡಿಸುತ್ತಿದ್ದಳು.

ಕ್ಯಾಮೆರಾದಲ್ಲಿ ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮೂವತ್ತು ಮಕ್ಕಳು ಬಾಯಿ ಬಿಟ್ಟು ಹಾಡುವುದನ್ನು ಸದ್ದಿಲ್ಲದೆ ನೋಡುವುದು ಎಂಥ ಶಿಕ್ಷೆ ಎಂದು ನೋಡಿದವರಿಗೇ ಗೊತ್ತು. ಮಕ್ಕಳೆಲ್ಲ ಬೋರ್ಡಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಅದಕ್ಕೇ ಅವರ ಮುಖಗಳು ನನಗೆ ಸರಿಯಾಗಿ ಕಾಣುತ್ತಿದ್ದವು. ಬೋರ್ಡಿನ ಬೆಳಕು ಮಗಳ ಕೆನ್ನೆಯ ಮೇಲೆ ಒಮ್ಮೆ ಹಸಿರು, ಒಮ್ಮೆ ಕೆಂಪು ಬೀಳುತ್ತಿತ್ತು. ತಿಮ್ಮವ್ವ ಅವಳಿಗೆ ಎಣ್ಣೆ ಸುರಿದು ಎರಡು ಜಡೆ ಬಿಗಿಯಾಗಿ ಎಳೆದು ಹಾಕುತ್ತಿದ್ದಳು. ಅಷ್ಟು ಬಿಗಿ ಹಾಕಿದರೆ ಮಗಳಿಗೆ ತಲೆನೋವು ಬರುತ್ತದೆ. ಅದನ್ನು ಯಾರಿಗೆ ಹೇಳುವುದು? ಸೂಜಿಯನ್ನು ಬಟ್ಟೆಗೆ ಚುಚ್ಚಿ ಚುಚ್ಚಿ ತೆಗೆಯುತ್ತಿದ್ದೆ.

ಮೊದಮೊದಲು ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಬಾಗಿಲು ಅಲುಗಾಡಿದರೆ ಎದ್ದು ನಿಲ್ಲುತ್ತಿದ್ದಳು. ಆಯಾ ಬಂದಳೆಂದು ತಿಳಿದರೆ ಕೂರುತ್ತಿದ್ದಳು. ದಸರಾ ಕಳೆಯುವಷ್ಟರಲ್ಲಿ ಆ ನೋಟ ಕಡಿಮೆಯಾಯಿತು. ದೀಪಾವಳಿಗೆ ನಿಂತೇ ಹೋಯಿತು. ಈಗ ನಗುತ್ತಿದ್ದಳು, ಪಕ್ಕದವನ ಪೆನ್ಸಿಲ್ ಕಸಿಯುತ್ತಿದ್ದಳು, ಬೋರ್ಡಿನ ಬೆಳಕು ಬಣ್ಣ ಬದಲಿಸಿದರೆ ಚಪ್ಪಾಳೆ ತಟ್ಟುತ್ತಿದ್ದಳು. ಮಗಳು ನಗುವುದನ್ನು ನೋಡಿ ತಾಯಿಗೆ ಸಂತೋಷವಾಗಬೇಕು. ನನಗೆ ಆಗುತ್ತಿತ್ತು, ಜೊತೆಗೆ ಇವಳು ಒಂದು ಸಲವಾದರೂ ಬಾಗಿಲ ಕಡೆ ನೋಡಬಾರದೇ ಎಂಬ ಸಂಕಟವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಆಗಬಹುದು ಎಂದು ಆಗಲೇ ತಿಳಿದದ್ದು.

ಟೀಚರ್ ರಶ್ಮಿ ಚಿಕ್ಕ ಹುಡುಗಿ, ಕಾಲೇಜು ಈಗಷ್ಟೇ ಮುಗಿಸಿದಂತಿದ್ದಳು. ಪಾಪದವಳು. ಮೊದಲ ತಿಂಗಳಲ್ಲಿ ನೆಲದ ಮೇಲೆ ಮಕ್ಕಳ ನಡುವೆ ಕೂತು ಆಡಿಸುತ್ತಿದ್ದದ್ದನ್ನು, ನಾನು ಮಗಳನ್ನು ಬಿಡಲು ಹೋದಾಗ ಕಿಟಕಿಯಿಂದ ನೋಡಿದ್ದೆ. ಆಮೇಲೆ ಆ್ಯಪಿನಲ್ಲಿ ಹೆತ್ತವರ ದೂರುಗಳು ಶುರುವಾದವು. ಬೋರ್ಡು ಯಾಕೆ ಆಫ್ ಆಗಿದೆ, ಬೋರ್ಡು ಇದೆ ಅಂತಲೇ ಸೇರಿಸಿದ್ದು, ಟೀಚರ್ ಸುಮ್ಮನೆ ಕೂತಿದ್ದಾರೆ ಎಂದು. ನೆಲದ ಮೇಲೆ ಕೂತು ಮೂವತ್ತು ಮಕ್ಕಳನ್ನು ಸಂಭಾಳಿಸುವುದು ಇವರ ಕಣ್ಣಿಗೆ ಸುಮ್ಮನೆ ಕೂರುವುದು! ಅಂದಿನಿಂದ ಬೋರ್ಡು ಎಲ್ಲಾ ಹೊತ್ತು ಉರಿಯುತ್ತಲೇ ಇರಬೇಕು ಎಂದಾಯಿತು. ಅದೋ ಗಳಿಗೆಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಆಗ ರಶ್ಮಿ ಮಕ್ಕಳಿಗೆ ಬೆನ್ನು ಹಾಕಿ ಅದನ್ನು ಕುಟ್ಟುತ್ತಾ ನಿಲ್ಲುತ್ತಿದ್ದಳು. ಕ್ಯಾಮೆರಾ ಮೇಲಿದ್ದದ್ದರಿಂದ ನನಗೆ ಅವಳ ನೆತ್ತಿ, ಬೈತಲೆ ಮಾತ್ರ ಕಾಣುತ್ತಿತ್ತು.

ಕಾರ್ತಿಕದಲ್ಲಿ ಒಂದು ದಿನ ಆ್ಯಪಿಗೆ ಸುದ್ದಿ ಬಂತು. ನಾಳೆ ಮಕ್ಕಳನ್ನು ಕೊಂಡಜ್ಜಿ ಕೆರೆಗೆ ಪಿಕ್ನಿಕ್ ಕರೆದುಕೊಂಡು ಹೋಗುತ್ತೇವೆ, ಟೋಪಿ ಹಾಕಿ ಕಳಿಸಿ. ನಾನು ಓದಿ ಮೊಬೈಲನ್ನು ಕೆಳಗಿಟ್ಟೆ. ಹರಿಹರದಲ್ಲಿ ಬಸ್ಸು ಹತ್ತಿ ಕಂಡಕ್ಟರನಿಂದ ಚಿಲ್ಲರೆ ವಾಪಸ್ ಪಡೆಯುವಷ್ಟರಲ್ಲಿ ಕೊಂಡಜ್ಜಿ ಬರುತ್ತದೆ.

"ಹೋಗು" ಅಂದಳು ಮಾಸೂಮಾ.

"ಮಾತು ಕೊಟ್ಟೀನಿ."

"ಕಣ್ಣಿಗೆ ಬೀಳಬಾರ್ದು ಅಂತ ತಾನೇ ಮಾತು? ಬೀಳಬ್ಯಾಡ. ನನ್ನ ಬುರ್ಖಾ ಹಾಕ್ಕೊಂಡು ಹೋಗು. ಯಾರಿಗೆ ಗೊತ್ತಾಗ್ತೈತೆ? ಕೆರೆ ನೋಡೋಕೆ ಬಂದವ್ಳು ಅಂತಾರೆ."

ಅಂಗಡಿಯ ಷಟರ್ ಅರ್ಧ ಎಳೆದು, ಅವಳೇ ನನಗೆ ತೊಡಿಸಿದಳು. ಟ್ರಯಲ್ ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಉದ್ದಕ್ಕೆ ಅದು ಮೊಣಕಾಲಿನ ಕೆಳಗೆ ಸಾಲುತ್ತಿರಲಿಲ್ಲ, ಹಳದಿ ಸೀರೆ ಅಷ್ಟುದ್ದ ಹೊರಗೆ ಕಾಣುತ್ತಿತ್ತು. ಮಾಸೂಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ಒಂದು ಯೋಚನೆ ಬಂತು. ಮಗಳು ಗುರುತು ಹಿಡಿದರೆ? ಮುಖ ಮುಚ್ಚಿದರೂ ನಡಿಗೆ ನೋಡಿ ಗುರುತು ಹಿಡಿದು ಎಲ್ಲರೆದುರು ಓಡಿ ಬಂದರೆ, ಬೇಸಿಗೆಯ ಮಾತುಕತೆ ಅಲ್ಲಿಗೇ ಮುಗಿಯಿತು. ಬುರ್ಖಾ ತೆಗೆದು ಮಡಿಸಿ ಕೊಟ್ಟೆ. ಮಾರನೆಯ ದಿನ ಹತ್ತು ಗಂಟೆಗೆ ಕ್ಯಾಮೆರಾ ತನ್ನಷ್ಟಕ್ಕೆ ಶುರುವಾಯಿತು. ಖಾಲಿ ಚಾಪೆಗಳು, ಬೋರ್ಡಿನ ಬೆಳಕೂ ಬೀಳದ ಖಾಲಿ ನೆಲ. ನಾನು ಅದನ್ನೇ ಮಧ್ಯಾಹ್ನದ ತನಕ ನೋಡುತ್ತಾ ಹುಕ್ಕು ಹೊಲಿದೆ.

ಮಾತು ಉಳಿಸಿಕೊಂಡೆ ಎಂಬ ಹೆಮ್ಮೆ ನನಗಿತ್ತು. ಅಣ್ಣನೂ ಹಾಗೇ ಅನ್ನುತ್ತಿದ್ದ, "ಇನ್ನೇನು, ಬ್ಯಾಸ್ಗಿ ಬಂದೇಬಿಡ್ತು. ನೀನು ಒಂದ್ಸಲಾನೂ ಆ ಕಡೆ ತಲೆ ಹಾಕಿಲ್ಲ ಅಂತ ರಾಮಚಂದ್ರಪ್ಪಾರೇ ಮೆಚ್ಕೊಂಡಾರೆ." ಮೊಬೈಲಿನ ವಿಷಯ ಅವನಿಗೂ ಹೇಳಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ತರಗತಿಯಲ್ಲಿ ಮಕ್ಕಳಿಗೆಲ್ಲ ಗಾಳಿಪಟದ ಚಿತ್ರ ಕೊಟ್ಟಿದ್ದರು. ಅದರೊಳಗೆ ಅಂಟು ಹಚ್ಚಿ ಕಾಳುಗಳನ್ನು ಅಂಟಿಸಬೇಕು. ಮಕ್ಕಳ ಮುಂದೆ ಪೇಪರ್ ತಟ್ಟೆಯಲ್ಲಿ ಹೆಸರುಕಾಳು, ಕಡಲೆ, ಅವರೆ. ತಟ್ಟೆ ಕಂಡ ಕೂಡಲೇ ನನಗೆ ಕಸಿವಿಸಿಯಾಯಿತು. ಇಂಚರಳಿಗೆ ಏನು ಸಿಕ್ಕರೂ ದವಡೆಯಲ್ಲಿ ಇಟ್ಟುಕೊಳ್ಳುವ ಚಟ. ಗುಂಡಿ, ಹುಣಸೆಬೀಜ, ಒಮ್ಮೆ ನನ್ನ ಕಿವಿಯೋಲೆಯ ತಿರುಪು ಕೂಡ. ದಿನಕ್ಕೊಮ್ಮೆ ಬಾಯಿ ತೆರೆಸಿ ಬೆರಳು ಹಾಕಿ ನೋಡುವುದು ನಮ್ಮ ಮನೆಯ ಪದ್ಧತಿಯೇ ಆಗಿತ್ತು. ನೋಡನೋಡುತ್ತಿದ್ದಂತೆ ಎರಡು ಕಾಳು ಚಿತ್ರಕ್ಕೆ, ಒಂದು ಬಾಯಿಗೆ ಹೋಯಿತು. ಉಗುಳೇ, ಉಗುಳೇ ಎಂದು ಹರಿಹರದಲ್ಲಿ ಕೂತು ಬಡಬಡಿಸಿದೆ. ಮಾಸೂಮಾ ಕತ್ತರಿ ಬಿಟ್ಟು ತಿರುಗಿ ನೋಡಿದಳು.

ಅದೇ ಹೊತ್ತಿಗೆ ಬೋರ್ಡು ಸಿಕ್ಕಿಕೊಂಡಿರಬೇಕು. ಮಕ್ಕಳ ಮುಖದ ಮೇಲಿನ ಬಣ್ಣದ ಬೆಳಕು ಬದಲಾಗದೆ ನಿಂತಿತು. ರಶ್ಮಿಯ ನೆತ್ತಿ ಕಂಡಿತು. ಅವಳು ಬೋರ್ಡನ್ನು ಕುಟ್ಟತೊಡಗಿದಳು. ಪಕ್ಕದ ಹುಡುಗ ಏನೋ ಅಂದ, ಇಂಚರ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಕುತ್ತಿಗೆಗೆ ಕೈ ಹೋಯಿತು. ಕೆಮ್ಮಲಿಲ್ಲ. ಬಾಯಿ ತೆರೆದೇ ಇತ್ತು, ಕಣ್ಣುಗಳು ದೊಡ್ಡವಾದವು. ಸುತ್ತಲಿನ ಮಕ್ಕಳು ಕಾಳು ಅಂಟಿಸುತ್ತಿದ್ದರು. ಯಾರೂ ತಿರುಗಲಿಲ್ಲ. ಅಳು ಬಂದರೆ ತಾನೇ ತಿರುಗುವುದು? ಅವಳ ಗಂಟಲಿನಿಂದ ಸದ್ದೇ ಹೊರಡುತ್ತಿರಲಿಲ್ಲ.

ನಾನು ಮೊಬೈಲ್ ಕೈಗೆತ್ತಿಕೊಂಡೆ. ಫೋನ್ ಮಾಡಿದರೆ ನಾನು ನೋಡುತ್ತಿದ್ದದ್ದು ಗೊತ್ತಾಗುತ್ತದೆ ಎಂಬ ಯೋಚನೆ ಬಂತು. ಬಂದದ್ದು ನಿಜ. ಬಂದಷ್ಟೇ ಬೇಗ ಹೋಯಿತು. ಮಾಸೂಮಾಳ ಮೊಬೈಲ್ ಕಸಿದುಕೊಂಡು, ಆ್ಯಪಿನ ತುದಿಯಲ್ಲಿ ಕಾಣುತ್ತಿದ್ದ ಶಾಲೆಯ ಆಫೀಸಿನ ನಂಬರಿಗೆ ಮಾಡಿದೆ, ನನ್ನದರಲ್ಲಿ ಮಗಳನ್ನು ನೋಡುತ್ತಲೇ ಇರಬೇಕಿತ್ತಲ್ಲ. ರಿಂಗಾಯಿತು, ಆಯಿತು, ಆಯಿತು. ಆಯಾ ಅಂಜಿನವ್ವ ಎತ್ತಿದಳು.

"ಒಳಗೆ ಓಡ್ರಿ! ಇಂಚರಾನ ಗಂಟಲಿಗೆ ಕಾಳು ಸಿಕ್ಕೈತೆ, ಉಸಿರು ಆಡ್ತಿಲ್ಲ. ಮುಂದಿನ ಸಾಲು!"

"ಯಾರ್ರೀ ಮಾತಾಡೋದು?"

"ನಾನು ಇಂಚರಾನ ಅಮ್ಮ. ಓಡ್ರಿ ಮೊದ್ಲು!"

ರಿಸೀವರ್ ಬಿದ್ದ ಸದ್ದು ಕೇಳಿತು. ತೆರೆಯ ಮೇಲೆ ಬಾಗಿಲು ಧಡ್ಡನೆ ತೆರೆದುಕೊಂಡಿತು. ಅಂಜಿನವ್ವ ಓಡಿ ಬಂದಳು, ರಶ್ಮಿ ತಿರುಗಿದಳು. ಇಬ್ಬರೂ ಸೇರಿ ಮಗಳನ್ನು ಎತ್ತಿ ಬಗ್ಗಿಸಿ, ಬೆನ್ನಿನ ಮೇಲೆ ಗುದ್ದತೊಡಗಿದರು. ಅವಳ ಎರಡು ಜಡೆ ಕೆಳಕ್ಕೆ ಜೋತಾಡುತ್ತಿದ್ದವು. ಗುದ್ದು ಬಿದ್ದಾಗಲೆಲ್ಲ ನನ್ನ ಬೆನ್ನು ಅದುರುತ್ತಿತ್ತು. ಮಾಸೂಮಾ ನನ್ನ ಭುಜ ಹಿಡಿದು ಏನೋ ಪ್ರಾರ್ಥನೆ ಹೇಳುತ್ತಿದ್ದಳು. ಆಮೇಲೆ ನೆಲದ ಮೇಲೆ ಚಿಕ್ಕದೇನೋ ಉರುಳಿತು. ರಶ್ಮಿ ಅಲ್ಲೇ ಕುಸಿದು ಕೂತು ಮಗಳನ್ನು ಮಡಿಲಿಗೆಳೆದುಕೊಂಡಳು. ಮಗಳ ಎದೆ ಏರಿತು, ಇಳಿಯಿತು, ಬಾಯಿ ಅಗಲವಾಗಿ ತೆರೆಯಿತು. ಅವಳು ಅಳುತ್ತಿದ್ದಳು. ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ಏನೆಂದು ಆಗ ನಾನು ಕೇಳಿಕೊಳ್ಳಲಿಲ್ಲ. ನೀಲಿಗಟ್ಟಿದ್ದ ಮುಖಕ್ಕೆ ಬಣ್ಣ ಬರುತ್ತಿತ್ತು, ಅಷ್ಟೇ ನನಗೆ ಸಾಕಾಗಿತ್ತು.

ತಿಮ್ಮವ್ವನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಮನೆ ಪಕ್ಕದ ಓಣಿಯಲ್ಲೇ ಇದೆಯಲ್ಲ, ತಲೆಗೂದಲು ಕೆದರಿಕೊಂಡು ಬರಿಗಾಲಲ್ಲಿ ಓಡಿ ಬಂದಳು. ಅವಳನ್ನು ಕಂಡದ್ದೇ ಮಗಳು ಎರಡೂ ಕೈ ಚಾಚಿದಳು. ತಿಮ್ಮವ್ವ ಎತ್ತಿ ಅಪ್ಪಿಕೊಂಡಳು. ಅಜ್ಜಿಯ ಕೈ ಮಗಳ ಬೆನ್ನನ್ನು ಮೇಲಿಂದ ಕೆಳಗೆ ಸವರುತ್ತಲೇ ಇತ್ತು. ಆ ಹೊತ್ತಿನಲ್ಲಿ ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಆ ಕೈಗಳು ಅಲ್ಲಿದ್ದದ್ದೇ ಪುಣ್ಯ ಅನ್ನಿಸಿತು.

ಆಮೇಲೆ ತಿಮ್ಮವ್ವ ರಶ್ಮಿಯನ್ನು ಏನೋ ಕೇಳಿದಳು. ರಶ್ಮಿ ಕಣ್ಣೊರೆಸಿಕೊಳ್ಳುತ್ತಾ ಉತ್ತರ ಹೇಳಿದಳು, ಕೈಯೆತ್ತಿ ನನ್ನ ಕಡೆಗೆ ತೋರಿಸಿದಳು. ತಿಮ್ಮವ್ವ ತಲೆ ಎತ್ತಿ ನೇರ ಕ್ಯಾಮೆರಾದೊಳಗೆ ನೋಡಿದಳು. ಆರು ತಿಂಗಳ ಮೇಲೆ ನಾವಿಬ್ಬರೂ ಎದುರಾಬದುರಾದದ್ದು ಹಾಗೆ. ನನಗೆ ಅವಳು ಕಾಣುತ್ತಿದ್ದಳು, ಅವಳಿಗೆ ನಾನು ಕಾಣುತ್ತಿರಲಿಲ್ಲ. ಆದರೂ ನಾನು ಸೆರಗು ಸರಿ ಮಾಡಿಕೊಂಡೆ. ಅವಳು ಕಣ್ಣು ಕೀಳದೆ ತನ್ನ ಸೆರಗಿನ ತುದಿ ಎಳೆದು, ಮಗಳ ತಲೆ, ಮುಖ, ಭುಜ ಎಲ್ಲವನ್ನೂ ಮುಚ್ಚಿದಳು. ಹಾಗೇ ಮುಚ್ಚಿಕೊಂಡು ಹೊರಗೆ ಹೋದಳು.

ಮಧ್ಯಾಹ್ನ ಯೋಗರಾಜ್ ಫೋನ್ ಮಾಡಿದ. ಬೇರೆಯಾದ ಮೇಲೆ ಅದೇ ಮೊದಲು.

"ಡಾಕ್ಟರ್‌ಗೆ ತೋರ್ಸಿದ್ವಿ. ಏನೂ ಆಗಿಲ್ಲಂತೆ. ಮಲಗೈತೆ" ಅಂದ. ಆಮೇಲೆ ಕೇಳಿದ, "ದಿನಾ ನೋಡ್ತಿದ್ಯಾ?"

"ದಿನಾ."

"ನೀನು ನೋಡದಿದ್ರೆ ಇವತ್ತು..." ಅಂದು ನಿಲ್ಲಿಸಿದ. ತಪ್ಪಾಯಿತು ಎಂಬ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಬೈಕೊಂದು ಸ್ಟಾರ್ಟ್ ಆದ ಸದ್ದು ಕೇಳಿಸಿತು, ಅಂಗಡಿಯಿಂದಲೇ ಮಾತಾಡುತ್ತಿದ್ದ. "ಅವ್ವ ರಾಮಚಂದ್ರಪ್ಪಾರ ಮನೆಗೆ ಹೋಗ್ಯಾಳೆ. ನನ್ ಕೈಲಿ ಏನೂ ಇಲ್ಲ, ಅಂಬಿಕಾ" ಅಂದು ಇಟ್ಟುಬಿಟ್ಟ.

ಸಂಜೆ ಆ್ಯಪ್ ತೆರೆದೆ. ಮೊಬೈಲ್ ನಂಬರ್ ಹಾಕಿ ಎಂದಿತು. ಹಾಕಿದೆ. ಈ ನಂಬರ್ ನೋಂದಣಿಯಾಗಿಲ್ಲ ಎಂದಿತು. ಮತ್ತೆ ಹಾಕಿದೆ. ಮಾಸೂಮಾ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಪಕ್ಕಕ್ಕಿಟ್ಟಳು. "ಯಾಕೆ ಹೇಳೋಕೆ ಹೋದೆ ಅಮ್ಮ ಅಂತ? ಯಾವ್ದೋ ಮಗೀನ ತಾಯಿ ಅಂದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲಲ್ಲ, ಹುಚ್ಚಿ" ಎಂದು ಬೈದಳು. ಬೈಯುತ್ತಾ ಅವಳೇ ಅತ್ತಳು. ಅವಳು ಹೇಳಿದ್ದು ಸರಿಯೇ. ಆದರೆ ಯಾರು ಎಂದು ಕೇಳಿದಾಗ ಬಾಯಿಗೆ ಬಂದದ್ದು ಅದೊಂದೇ.

ಹಬ್ಬದ ಮಾರನೆಯ ದಿನ ರಾಮಚಂದ್ರಪ್ಪನವರು ಅಣ್ಣನ ಮನೆಗೆ ಬಂದರು. ಕೊಟ್ಟ ಎಳ್ಳುಬೆಲ್ಲ ಮುಟ್ಟಲಿಲ್ಲ.

"ಮಾತು ಮುರಿದ್ಲು ನಿನ್ನ ತಂಗಿ" ಅಂದರು.

"ಆ ಕಡೆ ಕಾಲೇ ಇಟ್ಟಿಲ್ಲಲ್ರಿ" ಅಂದ ಶಿವಮೂರ್ತಿ. "ಕೂಸಿನ ಕಣ್ಣಿಗೆ ಬೀಳಬಾರ್ದು ಅಂದ್ರಿ. ಬಿದ್ದಿಲ್ಲ. ಫೋನಿನಾಗೆ ನೋಡ್ಯಾಳೆ. ನೋಡಿದ್ದಕ್ಕೇ ಅಲ್ಲೇನ್ರಿ ಕೂಸು ಉಳಿದಿದ್ದು?"

"ಅದು ದೇವರ ದಯೆ. ಆದ್ರೆ ಆರು ತಿಂಗ್ಳು ಎಲ್ಲಾರ ಕಣ್ಣು ತಪ್ಪಿಸಿ ನೋಡಿದವಳ ಮಾತನ್ನ ಹೆಂಗಪ್ಪ ನಂಬೋದು? ತಿಮ್ಮವ್ವ ಒಪ್ಪಂಗಿಲ್ಲ. ಬ್ಯಾಸ್ಗಿಗೆ ಕೂಡೋದು ಬ್ಯಾಡ ಅಂತಾಳೆ. ನಾನೂ ಬಲವಂತ ಮಾಡಕ್ಕಾಗಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಮುಂದೆ ಬಂದು, "ರಾಮಚಂದ್ರಪ್ಪಾರೆ, ಮುಂದಿನ ಸಲ ಕೂಸಿಗೆ ಉಸಿರು ಕಟ್ಟಿದ್ರೆ ಯಾರನ್ನ ಕೇಳಿ ಫೋನ್ ಮಾಡ್ಲಿ, ಒಂದು ಮಾತು ಹೇಳಿ ಹೋಗ್ರಿ" ಅಂದೆ. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಅವರ ಮುಖದಲ್ಲಿ ನಾಚಿಕೆ ಇತ್ತೋ ಸಿಟ್ಟಿತ್ತೋ ನನಗೆ ತಿಳಿಯಲಿಲ್ಲ, ಎರಡರಿಂದಲೂ ನನಗೆ ಏನೂ ಆಗಬೇಕಾಗಿರಲಿಲ್ಲ.

ಅವರು ಹೋದ ಮೇಲೆ ಅಣ್ಣ ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದ. ಆಮೇಲೆ ಒಳಗೆ ಬಂದು, "ಸಂಬಂಧ ಉಳೀಲಿ ಅಂತ ಇಷ್ಟು ದಿನ ಸುಮ್ಮನಿದ್ದೆ. ನಾಳೆ ದಾವಣಗೆರೆಗೆ ಹೋಗಿ ವಕೀಲರನ್ನ ಕಾಣೋಣ. ಇಷ್ಟು ಚಿಕ್ಕ ಕೂಸನ್ನ ಕೋರ್ಟು ತಾಯಿ ಕೈಗೇ ಕೊಡ್ತೈತಂತೆ" ಅಂದ. ಆರು ತಿಂಗಳಲ್ಲಿ ಕೇಳಿದ ಮೊದಲ ಒಳ್ಳೆಯ ಮಾತು ಅದು. ಇದನ್ನೇ ಆಗಲೇ ಅಂದಿದ್ದರೆ ಎಂದು ಜಗಳ ತೆಗೆಯುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಸೀರೆ ಇಸ್ತ್ರಿ ಮಾಡಲು ಕೂತೆ.

ಆಗ ರಶ್ಮಿಯ ಫೋನ್ ಬಂತು.

"ಮೇಡಂ, ನಂದೇ ತಪ್ಪು. ಬೋರ್ಡ್ ಹ್ಯಾಂಗ್ ಆಗಿತ್ತು, ತಿರುಗಿ ನಿಂತಿದ್ದೆ. ನೀವು ಫೋನ್ ಮಾಡದಿದ್ರೆ ಏನಾಗ್ತಿತ್ತೋ. ನಿಮ್ಮಿಂದ ಮಗು ಉಳೀತು ಅಂತ ಹೇಳೋಣ ಅಂತಾನೇ ಅವರ ಅಜ್ಜಿಗೆ ಕ್ಯಾಮೆರಾ ತೋರಿಸಿದೆ. ಹಿಂಗಾಗ್ತದೆ ಅಂತ ಗೊತ್ತಿರಲಿಲ್ಲ. ಅವರು ಅವತ್ತೇ ಬಂದು ನಿಮ್ಮ ನಂಬರ್ ತೆಗೆಸಿದ್ರು."

"ನಿಂದೇನು ತಪ್ಪಿಲ್ಲ ಬಿಡು" ಅಂದೆ. "ಈಗ ಹೆಂಗಿದ್ದಾಳೆ?"

"ಚೆನ್ನಾಗಿದ್ದಾಳೆ ಮೇಡಂ. ಇವತ್ತು ಬಂದಿದ್ಲು. ಆಟ ಆಡಿದ್ಲು."

ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟೆ. ಕೇಳಬಾರದು ಎಂದುಕೊಂಡೆ, ಕೇಳಿಯೇಬಿಟ್ಟೆ. "ಅವತ್ತು ನಿನ್ನ ಮಡಿಲಲ್ಲಿ ಕೂತು ಅಳ್ತಿದ್ಲಲ್ಲ, ಏನೋ ಕೂಗ್ತಿದ್ಲು. ನನಗೆ ಕೇಳಿಸ್ಲಿಲ್ಲ. ಯಾರನ್ನ ಕರೀತಿದ್ಲು?"

"ಅವತ್ತಾ ಮೇಡಂ?" ಅಂದಳು ರಶ್ಮಿ. ಆಮೇಲೆ ಬೇಗಬೇಗ, "ನಿಮ್ಮನ್ನೇ ಮೇಡಂ. ಅಮ್ಮಾ, ಅಮ್ಮಾ ಅಂತ ಒಂದೇ ಸಮ" ಅಂದಳು.

ಒಳ್ಳೆಯ ಹುಡುಗಿ. ನನ್ನ ಸಂಕಟ ನೋಡಲಾರದೆ ಹೇಳಿದಳು. ಆದರೆ ಅಮ್ಮ ಎನ್ನಬೇಕಾದರೆ ಎರಡು ತುಟಿಯೂ ಕೂಡಬೇಕು. ಎಷ್ಟೇ ಅಳುತ್ತಾ ಕೂಗಿದರೂ ನಡುವೆ ಒಮ್ಮೆ ತುಟಿ ಮುಚ್ಚಲೇಬೇಕು. ಮಗಳ ಮುಖವನ್ನು ನಾನು ರೆಪ್ಪೆ ಹಾಕದೆ ನೋಡುತ್ತಿದ್ದೆ. ಅವಳ ತುಟಿಗಳು ಒಂದು ಸಲವೂ ಕೂಡಲಿಲ್ಲ. ಹಾಲುಹಲ್ಲುಗಳು ಕಾಣುತ್ತಲೇ ಇದ್ದವು. ಅಜ್ಜಿ, ಅಜ್ಜಿ ಎಂದು ಅವಳು ತಿಮ್ಮವ್ವನನ್ನು ಕರೆಯುತ್ತಿದ್ದಳು. ಜೀವ ಹೋಗಿ ಬಂದ ಹೊತ್ತಿನಲ್ಲಿ ಅವಳಿಗೆ ನೆನಪಾದದ್ದು ನಾನಲ್ಲ. ಕೋರ್ಟು ನಾಳೆ ಅವಳನ್ನು ನನ್ನ ಕೈಗೆ ಕೊಟ್ಟರೂ, ಅವಳು ನನ್ನ ಮನೆಯ ಬಾಗಿಲಲ್ಲಿ ನಿಂತು ಹೀಗೇ ಬಾಯಿ ತೆರೆದು ಅಜ್ಜಿಗಾಗಿ ಅಳುತ್ತಾಳೆ. ಆಗ ಸದ್ದೂ ಕೇಳಿಸುತ್ತದೆ.

"ಮೇಡಂ, ಇದ್ದೀರಾ?" ಎಂದಳು ರಶ್ಮಿ.

"ಇದ್ದೀನಿ" ಅಂದೆ. "ಅಮ್ಮ ಅಂದ್ಲಾ? ಹೇಳಿದ್ದು ಒಳ್ಳೇದಾತು ಕಣಮ್ಮ. ಅವಳ ಜಡೆ ಸ್ವಲ್ಪ ಸಡ್ಲ ಮಾಡು, ಬಿಗಿ ಹಾಕಿದ್ರೆ ತಲೆ ನೋಯ್ತದೆ ಅವಳಿಗೆ."